ಬೆತ್ತದಯ್ಯ ಆರಿಸಿದ ಕುರ್ಚಿ

ಅವರ ಬಲಗೈ ತೋರುಬೆರಳಿನ ಮಗ್ಗುಲಲ್ಲಿ ದಾರ ಕೂರುವಷ್ಟು ಆಳದ ಒಂದು ಗೆರೆಯಿತ್ತು. ನೆನೆಸಿದ ಬೆತ್ತದ ಸೀಳನ್ನು ವರ್ಷಗಟ್ಟಲೆ ಎಳೆದೂ ಎಳೆದೂ ಅಲ್ಲಿನ ಚರ್ಮ ಕೊಂಬಿನಂತೆ ಗಟ್ಟಿಯಾಗಿ, ನಡುವೆ ಸವೆದುಹೋಗಿತ್ತು. ಎಳವೆಯಲ್ಲೇ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಮೈಸೂರಿನಲ್ಲಿ ಕುರ್ಚಿ ಹೆಣೆಯುವುದನ್ನು ಕಲಿತು ಬಂದವರು, ದುದ್ದದಲ್ಲಿದ್ದುಕೊಂಡು ಹಾಸನ, ಹೊಳೆನರಸೀಪುರದ ಕಚೇರಿಗಳಿಗೆ ಬಸ್ಸಿನಲ್ಲಿ ಒಬ್ಬರೇ ಓಡಾಡುತ್ತಿದ್ದರು. ನಮ್ಮಲ್ಲಿ ಎಲ್ಲರೂ ಅವರನ್ನು ಬೆತ್ತದಯ್ಯ ಎನ್ನುತ್ತಿದ್ದರು.

ಹೊಳೆನರಸೀಪುರದ ಒಂದು ಸರ್ಕಾರಿ ಕಚೇರಿಗೆ ನಾನು ಟೈಪಿಸ್ಟ್ ಆಗಿ ಸೇರಿದ್ದು ತೊಂಬತ್ತರ ದಶಕದ ಮೊದಲಲ್ಲಿ. ಅಪ್ಪ ನೌಕರಿಯಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ಅನುಕಂಪದ ಆಧಾರದ ಮೇಲೆ ಸಿಕ್ಕ ಕೆಲಸ ಅದು. ಮನೆಯಲ್ಲಿ ಅಮ್ಮ, ಇಬ್ಬರು ತಂಗಿಯರು. ಪ್ರೊಬೇಷನ್ ಮುಗಿಯುವವರೆಗೆ ಯಾರ ಬಾಯಿಗೂ ಬೀಳಬಾರದೆಂದು, ಕೊಟ್ಟ ಕುರ್ಚಿಯಲ್ಲಿ ಸುಮ್ಮನೆ ಕೂತೆ. ಕೊಟ್ಟದ್ದು ಯಾವ ಕಾಲದ್ದೋ ಎತ್ತರದ ತೇಗದ ಕುರ್ಚಿ. ಟೈಪ್ ಮೇಜು ನೋಡಿದರೆ ತಗ್ಗು. ದಿನವಿಡೀ ಬಾಗಿ ಟೈಪ್ ಮಾಡಿ ಸಂಜೆ ಮನೆಗೆ ಬಂದರೆ ಸೊಂಟ ನೆಟ್ಟಗೆ ಮಾಡಲಾಗುತ್ತಿರಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿಗೇ ಅಮ್ಮನ ಕೈಯಲ್ಲಿ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೆ.

ಒಂದು ದಿನ ಆ ಕುರ್ಚಿಯ ಬೆತ್ತ ಹರಿಯಿತು. ಬೆತ್ತದಯ್ಯ ಬಂದು, ಕೂರುವ ಜಾಗದ ಮೇಲೆ ಅಂಗೈ ಆಡಿಸಿದರು. ಹಿಂಭಾಗ ಹೊಸದರಂತಿತ್ತು. ಮುಂದಿನ ಅಂಚು ಮಾತ್ರ ಜೋತು ಹರಿದಿತ್ತು.

"ತುದೀಲೇ ಕುಂತ್ಕೋತೀರಿ ಕಣವ್ವ ನೀವು. ಕಾಲು ನೆಲುಕ್ಕೆ ಎಟುಕಾಕಿಲ್ವಾ, ಇಲ್ಲ ಯಾರ್ಗಾರ ಎದ್ರುಕೋತೀರಾ?"

ಎರಡೂ ನಿಜವಾಗಿತ್ತು. ನಾನು ಮೊದಲನೆಯದನ್ನಷ್ಟೇ ಒಪ್ಪಿಕೊಂಡೆ. ಅವರು ಒಂದು ಬೆತ್ತದ ಸೀಳನ್ನು ನನಗೆ ಕೊಟ್ಟು, ಮಂಡಿಯ ಹಿಂದಿನಿಂದ ಹಿಮ್ಮಡಿಯವರೆಗೆ ಅಳೆದು ಕತ್ತರಿಸಿಕೊಡಲು ಹೇಳಿದರು. ಹೆಣಿಗೆ ಮುಗಿದ ಮೇಲೆ ಆ ಸೀಳನ್ನು ನಾಲ್ಕೂ ಕಾಲಿಗೆ ಹಿಡಿದು ಗುರುತು ಕೆತ್ತಿ, ಚೀಲದಿಂದ ಸಣ್ಣ ಗರಗಸ ತೆಗೆದರು. ಸರ್ಕಾರಿ ಕುರ್ಚಿ, ಯಾರನ್ನಾದರೂ ಕೇಳಬೇಕೇನೋ ಎಂದು ಗೊಣಗಿದೆ. ಬೇಡ ಎಂದು ಮಾತ್ರ ಹೇಳಲಿಲ್ಲ. ನಾಲ್ಕು ಬೆರಳಗಲ ಕುಯ್ದು ನಿಲ್ಲಿಸಿದರೆ ಕುರ್ಚಿ ಒಂದಿಷ್ಟೂ ಅಲ್ಲಾಡಲಿಲ್ಲ. ಆ ಸಂಜೆ ಕೆಲಸ ಮುಗಿಸಿ ಎದ್ದವಳು, ಬೆನ್ನು ನೋಯದೇ ಇದ್ದದ್ದನ್ನು ನಂಬಲಾಗದೆ ಇನ್ನೊಮ್ಮೆ ಕೂತು ಎದ್ದೆ.

ಮೂರನೆಯ ದಿನ ಅದು ಸಾಹೇಬರ ಕಣ್ಣಿಗೆ ಬಿತ್ತು. ಸರ್ಕಾರದ ಸ್ವತ್ತು ಹಾಳುಮಾಡಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕೆಂದರು. ಪ್ರೊಬೇಷನ್ನಿನಲ್ಲಿರುವುದು ನೆನಪಿರಲಿ ಎಂದೂ ಸೇರಿಸಿದರು. ಉಳಿದ ಕುರ್ಚಿಗಳ ಕೆಲಸಕ್ಕೆಂದು ಮಾರನೆಯ ದಿನ ಬಂದ ಬೆತ್ತದಯ್ಯನಿಗೆ ಅಟೆಂಡರ್ ವಿಷಯ ತಿಳಿಸಿದ. ಅವರು ಒದ್ದೆ ಕೈ ಒರೆಸಿಕೊಂಡು, ಗೋಡೆ ಸವರಿಕೊಂಡು, ನೇರ ಸಾಹೇಬರ ಕೋಣೆಗೆ ಹೋದರು.

"ಕುಯ್ದೋನು ನಾನು ಸಾ. ಆವಮ್ಮ ಬ್ಯಾಡ ಅಂದ್ರೂ ಕೇಳ್ನಿಲ್ಲ. ಬರ್ಕೊಳಿ, ಎಬ್ಬೆಟ್ಟು ಒತ್ತೀನಿ."

ಆ ಹೇಳಿಕೆಯನ್ನು ಟೈಪ್ ಮಾಡಬೇಕಾದವಳು ನಾನೇ. 'ಟೈಪಿಸ್ಟರು ಬೇಡವೆಂದರೂ ಕೇಳದೆ' ಎಂಬಲ್ಲಿ ಬೆರಳು ನಿಂತಿತು. ಆಗ ಎದ್ದುಹೋಗಿ ನಿಜ ಹೇಳಬೇಕಿತ್ತು. ಅಮ್ಮ, ತಂಗಿಯರು ಕಣ್ಣ ಮುಂದೆ ಬಂದರು, ಟೈಪ್ ಮಾಡಿದೆ. ಅವರ ಹೆಬ್ಬೆಟ್ಟು ಹಿಡಿದು ಮಸಿಗೆ ಒತ್ತಿಸಿದ್ದೂ ನಾನೇ. ಸಾಹೇಬರು ನನ್ನನ್ನು ಬಿಟ್ಟರು, ಬೆತ್ತದಯ್ಯನನ್ನು ಇನ್ನು ಇಲ್ಲಿಗೆ ಕರೆಯಕೂಡದು ಎಂದರು. ಸಾಹೇಬರಿಗೆ ವರ್ಗವಾಗುವವರೆಗೆ, ಎರಡು ವರ್ಷ, ನಮ್ಮ ಕಚೇರಿಯ ಕೆಲಸ ಅವರಿಗೆ ತಪ್ಪಿತು.

ಅವರು ಮತ್ತೆ ಬಂದ ದಿನ ಏನೇನೋ ಹೇಳಬೇಕೆಂದು ಹತ್ತಿರ ಹೋದೆ. ನನ್ನ ಹೆಜ್ಜೆ ಗುರುತು ಹಿಡಿದು, "ಬೆನ್ನು ಎಂಗೈತವ್ವ?" ಎಂದರು. ಚೆನ್ನಾಗಿದೆ ಎಂದೆ. ಹಳೆಯ ಮಾತನ್ನು ಎತ್ತಲು ಬಿಡಲೇ ಇಲ್ಲ. ಆಮೇಲೆ ಅವರು ಬಂದಾಗಲೆಲ್ಲ ನನ್ನ ಊಟದ ಡಬ್ಬಿಯಲ್ಲಿ ಅವರಿಗೂ ಒಂದು ಪಾಲು ಇರುತ್ತಿತ್ತು.

ಎರಡು ಸಾವಿರದ ಇಸವಿಯೂ ದಾಟಿತು. ನಾನು ಬಡ್ತಿ ಪಡೆದಿದ್ದೆ. ಕಚೇರಿಗೆ ಹೊಸ ಕುರ್ಚಿ ಕೊಳ್ಳಲು ಮಂಜೂರಾತಿ ಬಂದಾಗ, ಹಾಸನಕ್ಕೆ ಹೋಗಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಜೊತೆಗೆ ಬನ್ನಿ ಎಂದು ಬೆತ್ತದಯ್ಯನನ್ನು ಕರೆದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಕುರುಡರೊಬ್ಬರು ಕುರ್ಚಿ ಆರಿಸಲು ಬಂದಿದ್ದಾರೆಂದು ಅಂಗಡಿಯವರಿಗೆ ಒಳಗೊಳಗೇ ನಗು. ಬೆತ್ತದಯ್ಯ ಮೆತ್ತೆಯನ್ನು ಹೆಬ್ಬೆರಳಿಂದ ಒತ್ತಿ, ಅದು ಎಷ್ಟು ಹೊತ್ತಿಗೆ ಮೇಲೇಳುತ್ತದೆಂದು ನೋಡಿದರು. ಕೆಳಗೆ ಕೈ ಹಾಕಿ ತಿರುಪುಗಳನ್ನು ಮುಟ್ಟಿದರು. ಆಮೇಲೆ ನನ್ನನ್ನು ಕೂರಿಸಿ, ಪೇಪರ್ ಓದುತ್ತಿರಿ, ಏಳಬೇಡಿ ಎಂದರು.

"ಕುಂತೇಟ್ಗೇ ಸುಕ ಅನ್ಸಾದ್ನ ನಂಬಬ್ಯಾಡಿ. ಕಾಲು ಗಂಟೆ ಕಳೀಲಿ. ಆಗ ಸೊಂಟುನ್ನ ಕೇಳಿ."

ಹೊಳೆಯುವ ಕಪ್ಪು ಹೊದಿಕೆಯ ಕುರ್ಚಿ ಕೂತ ಕೂಡಲೇ ಹತ್ತಿಯಂತಿತ್ತು. ಕಾಲು ಗಂಟೆಗೆ ಮೆತ್ತೆಯ ನಡು ಕುಸಿಯಿತು. ಹೀಗೆ ಐದು ಕುರ್ಚಿ ಕೂತೆದ್ದ ಮೇಲೆ, ಮೂಲೆಯಲ್ಲಿದ್ದ ಸಾದಾ ಬಟ್ಟೆಯದನ್ನು ಆರಿಸಿದರು. ಅಷ್ಟರಲ್ಲಿ ಅಂಗಡಿಯವರು ನಗು ಬಿಟ್ಟು, ಬೇರೆ ಕುರ್ಚಿಗಳ ಬಗ್ಗೆ ಅವರನ್ನೇ ಕೇಳುತ್ತಿದ್ದರು.

ಹೋಟೆಲಿನಲ್ಲಿ ಊಟಕ್ಕೆ ಕೂತಾಗಲೇ ನನಗೆ ಹೊಳೆದದ್ದು: ಈ ಕುರ್ಚಿಗಳಿಗೆ ಬೆತ್ತವಿಲ್ಲ. ಅವರ ಕೆಲಸ ಕಳೆಯುವ ಕುರ್ಚಿಯನ್ನು ಅವರಿಂದಲೇ ಆರಿಸಿಸಿದ್ದೆ. ತಡವರಿಸುತ್ತಾ ಹೇಳಿದೆ.

"ಗೊತ್ತು ಕಣವ್ವ, ನೀವು ಕರ್ದಾಗ್ಲೇ ಗೊತ್ತಾತು. ನನ್ ಕೈಗೂ ವಯಸ್ಸಾತು ಬುಡಿ. ನೀವಿನ್ನೂ ಇಪ್ಪತ್ತು ವರ್ಸ ಕೂರ್ಬೇಕಲ್ಲ" ಎಂದು ಸಾರು ಬಡಿಸಿಕೊಂಡರು.

ನಾಲ್ಕೈದು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ತಡವಾಗಿ ಸಿಕ್ಕಿತು. ತಿಥಿಯ ದಿನ ದುದ್ದಕ್ಕೆ ಹೋದೆ. ಹೊಳೆನರಸೀಪುರದ ಕಚೇರಿಯವಳು ಎಂದದ್ದೇ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, ಟೈಪು ಹೊಡೆಯುವವರು ನೀವೇನಾ ಎಂದು ಕೇಳಿದರು. ನಮ್ಮಲ್ಲಿ ಕೆಲಸ ಮುಗಿಸಿ ಬಂದ ದಿನ ಅವರು ನನ್ನ ಟೈಪಿನ ಸದ್ದಿನ ಬಗ್ಗೆ ಮನೆಯಲ್ಲಿ ಹೇಳುತ್ತಿದ್ದರಂತೆ. ಸರಾಗವಾಗಿ ಓಡಿದರೆ ಆವಮ್ಮ ಸುಖವಾಗಿದ್ದಾರೆ ಎನ್ನುತ್ತಿದ್ದರಂತೆ.

"ಒಂದು ಸಲ ಬಂದೋರು ಉಣ್ಣನೇ ಇಲ್ಲ. ಟೈಪು ಎಡವಿ ಎಡವಿ ನಿಲ್ತಿತ್ತು, ಆವಮ್ಮನ ಮನೇಲಿ ಏನೋ ಆಗೈತೆ, ಎಂಗೆ ಕೇಳಾದು ಅಂತ ಸುಮ್ಕೆ ಬಂದೆ ಅಂದ್ರು."

ಅದು ಅಮ್ಮ ಆಸ್ಪತ್ರೆಯಲ್ಲಿದ್ದ ತಿಂಗಳು. ಕಚೇರಿಯಲ್ಲಿ ಯಾರಿಗೂ ನಾನು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಗೋಡೆಯಾಚೆ ಕುರ್ಚಿ ಹೆಣೆಯುತ್ತ ಕೂತು ಒಬ್ಬರು ನನ್ನ ಚಿಂತೆಯನ್ನೆಲ್ಲ ಕೇಳಿಸಿಕೊಂಡು, ದುದ್ದದವರೆಗೆ ಹೊತ್ತುಕೊಂಡು ಹೋಗಿದ್ದರು. ಸಂಜೆಯ ಬಸ್ಸು ಬರುವವರೆಗೆ ಆಕೆಯ ಕೈ ಬಿಡದೆ ಅಲ್ಲೇ ಚಾಪೆಯ ಮೇಲೆ ಕೂತಿದ್ದೆ.