ಟೀಚರಮ್ಮನ ಕೆಮ್ಮು

ಆ ಸರ್ಕಾರಿ ಶಾಲೆಯಲ್ಲಿ ಟೀಚರಮ್ಮ ಮೂವತ್ತೊಂದು ವರ್ಷ ಸವೆಸಿದ್ದರು. ಅನುಕೂಲಸ್ಥರ ಮಕ್ಕಳೆಲ್ಲ ವ್ಯಾನು ಹತ್ತಿ ಬೇರೆ ಶಾಲೆ ಸೇರಿದ ಮೇಲೆ ಉಳಿದವರು ಇಪ್ಪತ್ತಮೂರು ಮಕ್ಕಳು. ಅವರಲ್ಲಿ ಹದಿನೇಳು ಮಂದಿ ಕಟ್ಟಡದ ಕೆಲಸಕ್ಕೆ ದೂರದಿಂದ ಬಂದವರ ಮಕ್ಕಳು. ಮನೆಯಲ್ಲಿ ಆಡುವ ಮಾತೇ ಬೇರೆ. ಅರ್ಧದಷ್ಟು ಮಕ್ಕಳೂ ಪಾಸಾಗದಿದ್ದರೆ ಶಾಲೆಗೆ ಬೀಗ ಎಂಬ ಸುತ್ತೋಲೆ ಬಂದ ದಿನದಿಂದ ಟೀಚರಮ್ಮನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು.

ಅದಕ್ಕೇ ಒಂದು ಉಪಾಯ ಹೂಡಿದ್ದರು. ಮಗು ತಪ್ಪು ಬರೆದರೆ ಪಕ್ಕದಲ್ಲಿ ನಿಂತು ಒಂದು ಸಲ ಕೆಮ್ಮುವರು. ಮಗು ಅಳಿಸಿ ಮತ್ತೆ ಬರೆಯುವುದು. ಹೋದ ಎರಡು ಪರೀಕ್ಷೆಗಳನ್ನು ಹಾಗೆಯೇ ದಾಟಿಸಿದ್ದರು.

ಈ ಸಲ ಇಲಾಖೆಯ ಸಾಹೇಬರೇ ಬಂದು ಕೂತರು. ಟೀಚರಮ್ಮನಿಗೋ ಮೂರು ದಿನದಿಂದ ನೆಗಡಿ.

"ನೀವು ಬಾಗಿಲ ಹತ್ರ ಕೂತ್ಕೊಳ್ಳಿ ಟೀಚರ್, ಒಳಗೆ ಓಡಾಡೋದು ಬೇಡ," ಎಂದರು ಸಾಹೇಬರು.

ಕೂತರು. ಗಂಟಲು ಕೆರೆಯತೊಡಗಿತು. ಉಗುಳು ನುಂಗಿದರು, ಸೆರಗನ್ನು ಬಾಯಿಗೆ ಒತ್ತಿ ಹಿಡಿದರು, ಕಣ್ಣಲ್ಲಿ ನೀರು ಬಂತು. ಮುಂದಿನ ಬೆಂಚಿನಲ್ಲಿ ಗಾರೆಯವನ ಮಗಳು ಲೆಕ್ಕಗಳನ್ನೆಲ್ಲ ಸರಿಯಾಗಿ ಮಾಡಿದ್ದು ಕೂತಲ್ಲಿಂದಲೇ ಕಾಣುತ್ತಿತ್ತು. ವರ್ಷವಿಡೀ ಹೇಳಿಕೊಟ್ಟದ್ದು ಕೊನೆಗೂ ತಲೆಗೆ ಹತ್ತಿತ್ತು!

ಇನ್ನು ಐದೇ ನಿಮಿಷ.

"ನೀರು ಬೇಕಾ ಟೀಚರ್?" ಎಂದು ಸಾಹೇಬರು ಕೇಳಿದರು. ಬೇಡವೆನ್ನಲು ಬಾಯಿ ತೆರೆದದ್ದೇ ತಡ, ಕೆಮ್ಮು ಹೊರಬಿತ್ತು.

ಬಾಗಿಲಿನಿಂದ ಬಂದ ಕೆಮ್ಮು ತಮ್ಮಲ್ಲಿ ಯಾರಿಗೆಂದು ಮಕ್ಕಳಿಗೇನು ಗೊತ್ತು? ಗಾರೆಯವನ ಮಗಳು ಒಮ್ಮೆ ಟೀಚರಮ್ಮನ ಮುಖ ನೋಡಿ ರಬ್ಬರು ಕೈಗೆತ್ತಿಕೊಂಡಳು. ಅವಳ ಹಿಂದೆ ಇಪ್ಪತ್ತೆರಡು ರಬ್ಬರುಗಳು ಒಟ್ಟಿಗೆ ಉಜ್ಜುವ ಸದ್ದೆದ್ದಿತು.