ಟವೆಲ್ಲಿನ ಕೆಳಗೆ ಎರಡು ಬೆರಳು

ಮೂರು ಚೀಲ ಅರಿಶಿನ. ಮಿರಜಿನಲ್ಲಿ ಕಾಕಾನ ಸ್ಕ್ಯಾನಿಗೆ ಬಿದ್ದ ಖರ್ಚು ಅಷ್ಟು. ಆಗ ಸುತ್ತಮುತ್ತ ಅದೊಂದೇ ಯಂತ್ರ. ಹೊಟ್ಟೆಗೆ ಒಂದು ದರ, ಎದೆಗೆ ಬೇರೆ ದರ. ಬದನೆಕಾಯಿಗೂ ಚೌಕಾಸಿ ಮಾಡುವ ನಾನು ರೂಢಿಯಂತೆ, “ಎದಿ ಬಿಟ್ರ ನಡೀತೈತೇನ್ರಿ ಸಾಹೇಬ್ರ?” ಅಂದೆ. ಡಾಕ್ಟರು ತಲೆ ಎತ್ತಲಿಲ್ಲ. “ವೃಷಣದ ಕ್ಯಾನ್ಸರ್ ಮೊದಲ ಹೊಟ್ಟ್ಯಾಗ ಬೆನ್ನೆಲುಬಿನ ಮುಂದಿನ ಗಂಟಿಗೆ ಹೋಗ್ತದ, ಆಮ್ಯಾಲೆ ಪುಪ್ಪುಸಕ್ಕ. ಅರ್ಧ ನೋಡಿ ಏನ್ ಮಾಡ್ತೀರಿ?” ಎರಡಕ್ಕೂ ದುಡ್ಡು ಕಟ್ಟಿದೆ.

ಕಾಕಾ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸಾಂಗಲಿ ಪೇಟೆಯಲ್ಲಿ ಅರಿಶಿನದ ಕೊಂಬು ಮುರಿದು ಮುರಿದು ಅವರ ಉಗುರಿನ ಬುಡ ಹಳದಿಯಾಗಿಯೇ ಉಳಿದಿತ್ತು. ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ.

ಕಾಕಾ ಅಂದರೆ ರಕ್ತಸಂಬಂಧವಲ್ಲ. ನನಗಿಂತ ಹತ್ತು ವರ್ಷ ಹಿರಿಯರು, ಅರಿಶಿನದ ದಲಾಲರು. ಮ್ಹೈಸಾಳದಿಂದ ಬರಿಗೈಲಿ ಬಂದ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವ್ಯಾಪಾರ ಕಲಿಸಿದವರು. ಆ ಪೇಟೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಟವೆಲ್ಲಿನ ಕೆಳಗೆ ಸೇರಬೇಕು, ಬೆರಳು ಹಿಡಿದು ಲೆಕ್ಕ ತಿಳಿಸಬೇಕು. ಸೌದಾ ಕುದುರಿದರೆ ಇಡೀ ಮುಷ್ಟಿ ಒತ್ತಬೇಕು. ಮೊದಲ ದಿನವೇ ಅವರು ಹೇಳಿದ್ದು ಇಷ್ಟು: “ಬಾಯಿ ಬೇಕಾದ್ರ ಸುಳ್ಳು ಹೇಳ್ಲಿ. ಟವೆಲ್ ಕೆಳಗಿನ ಬೆರಳು ಹೇಳಬಾರದು.”

ಆದರೆ ಅಷ್ಟು ನಿಯತ್ತಿನ ಮನುಷ್ಯ ತಮ್ಮ ವೃಷಣದ ಗಂಟನ್ನು ಒಂದು ವರ್ಷ ಧೋತರದಲ್ಲಿ ಮುಚ್ಚಿಟ್ಟಿದ್ದರು. ನೋವಿರಲಿಲ್ಲವಂತೆ. ಬೆನ್ನು ನೋಯತೊಡಗಿದಾಗ ಚೀಲ ಎತ್ತಿದ್ದಕ್ಕೆ ಅಂದುಕೊಂಡು ಸಮಡೋಳಿಯ ನಾಟಿ ವೈದ್ಯರ ಹತ್ತಿರ ಹೋಗಿ ಎಣ್ಣೆ ತಿಕ್ಕಿಸಿಕೊಂಡು ಬಂದರು. ಕೊನೆಗೆ ಸಾಂಗಲಿಯ ಸೋನೋಗ್ರಾಫಿಯಲ್ಲಿ ಗಂಟು ಕ್ಯಾನ್ಸರಿನದೆಂದು ಕಂಡಿತು. ಎಷ್ಟು ಹಬ್ಬಿದೆ ಎಂದು ನೋಡಲು ಮಿರಜಿಗೆ ಬಂದಿದ್ದೆವು.

ವರದಿ ನನ್ನ ಮತ್ತು ಜೊತೆಗೆ ಬಂದಿದ್ದ ಕಾಕಾನ ಅಣ್ಣನ ಮುಂದೆ ಬಂತು. ಹೊಟ್ಟೆಯಲ್ಲಿ ಬೆನ್ನೆಲುಬಿಗೆ ಅಂಟಿ ಗಂಟುಗಳ ಗೊಂಚಲು. ಪುಪ್ಪುಸದಲ್ಲೂ ಬಿಳಿ ಚುಕ್ಕೆ. ತಡ ಮಾಡದೆ ಮುಂಬೈಗೆ ಹೋದರೆ ಔಷಧಕ್ಕೆ ಬಗ್ಗಬಹುದು, ಖಾತ್ರಿಯಿಲ್ಲ ಎಂದರು ಡಾಕ್ಟರು. ಅಣ್ಣ ಊರ ಸೊಸಾಯಿಟಿಯ ಚೇರಮನ್. ಎಲ್ಲರ ಪರವಾಗಿ ತಾನೇ ಠರಾವು ಮಾಡಿ ರೂಢಿ. “ಬೆನ್ನಿನ ನರ ಹಿಡದೈತಿ ಅಂತ ಹೇಳೂಣು. ಖರೆ ಕೇಳಿದ್ರ ಎದಿ ಒಡದು ಸಾಯ್ತಾನ,” ಎಂದರು.

ಹೊರಗೆ ಬಂದು ಅವರೇ ಹಾಗೆ ಹೇಳಿ, ಮುಂಬೈಗೆ ಹೋಗೋಣ ಎಂದರು. ಕಾಕಾ ನಕ್ಕರು. “ನರಕ್ಕ ಮುಂಬೈ ಯಾಕೋ ಅಣ್ಣಾ? ನಾಳೆ ಪೇಟಿಗೆ ಹೋಗ್ತೀನಿ.” ಅಣ್ಣ ಚಹಾ ತರಲು ಹೋದರು. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಹರವಿ ನನ್ನ ಕಡೆ ನೋಡಿದರು.

“ಎಷ್ಟು ಕಡೆ ಹಬ್ಬೈತಿ?”

ನಾನು ಕೈ ಒಳಗೆ ಹಾಕಿದೆ. ಎರಡು ಬೆರಳು ಹಿಡಿದೆ.

“ಎದಿನೂ?”

ನಾನು ಆ ಎರಡು ಬೆರಳನ್ನು ಇನ್ನೂ ಬಿಗಿ ಹಿಡಿದೆ. ಅವರು ಇಡೀ ಮುಷ್ಟಿ ಒತ್ತಿದರು. “ಮುಂಬೈ ಗಾಡಿಗೆ ಚೀಟಿ ತಗಸು. ಅಣ್ಣಗ ನನಗ ಗೊತ್ತಾದದ್ದು ಹೇಳಬ್ಯಾಡ. ಪಾಪ, ಅವಗ ಸುಳ್ಳು ಹೇಳಾಕ ಬರೂದಿಲ್ಲ.”

ಮುಂಬೈಯಲ್ಲಿ ಔಷಧಿ ಏರಿಸಿದರು. ಮುಂದಿನ ಸ್ಕ್ಯಾನಿನಲ್ಲಿ ಹೊಟ್ಟೆಯ ಗಂಟು ಕರಗಿತ್ತು, ಪುಪ್ಪುಸದ್ದು ಬೆಳೆದಿತ್ತು. ಹೊಸ ಅರಿಶಿನ ಪೇಟೆಗೆ ಬರುವ ಮೊದಲೇ ಕಾಕಾ ಹೋದರು. ಕೊನೆಗೆ ನೋಡಿದಾಗ ಅವರ ಉಗುರುಗಳು ಬೆಳ್ಳಗಾಗಿದ್ದವು.

ಅವರು ಕಲಿಸಿದ ವ್ಯಾಪಾರದಿಂದಲೇ ಉಣ್ಣುತ್ತಿದ್ದೇನೆ. ಆ ಋಣಕ್ಕೇ ಗಂಡಸರಿಗೆ ನನ್ನ ಮಾತು: ಸ್ನಾನ ಮಾಡುವಾಗ ವೃಷಣದ ಮೇಲೆ ಕೈಯಾಡಿಸಿ ನೋಡಿಕೊಳ್ಳಿ. ಗಟ್ಟಿ ಗಂಟು ಸಿಕ್ಕರೆ, ನೋವಿಲ್ಲ ಎಂದು ಸುಮ್ಮನಿರಬೇಡಿ, ನೋವಿಲ್ಲದ್ದಕ್ಕೇ ಡಾಕ್ಟರಿಗೆ ತೋರಿಸಿ. ಸ್ಕ್ಯಾನ್ ಬರೆದುಕೊಟ್ಟರೆ ಹೊಟ್ಟೆ, ಎದೆ ಎರಡನ್ನೂ ಮಾಡಿಸಿ. ಚೌಕಾಸಿಯನ್ನು ಪೇಟೆಗೆ ಇಟ್ಟುಕೊಳ್ಳಿ. ಮತ್ತೆ, ವರದಿಯನ್ನು ಮೊದಲು ಯಾರ ಮೈಯದೋ ಅವರ ಕೈಗೇ ಕೊಡಿ. ಅವರು ಟವೆಲ್ ಹಾಸಿ ಕೇಳುವಂತೆ ಮಾಡಬೇಡಿ.