ಭಾನುವಾರಗಳಲ್ಲಿ ಉದ್ದವಾದ ಮಂಚ

ಹೋದ ವಾರ ಸಿರುಗುಪ್ಪದ ನಮ್ಮ ಓಣಿಯಲ್ಲಿ ಯಾರೋ ಹೊಸ ಬಾಗಿಲು ಮಾಡಿಸುತ್ತಿದ್ದರು. ಬೇವಿನ ದಿಮ್ಮಿಯನ್ನು ಬೀದಿಯಲ್ಲೇ ಮಲಗಿಸಿ ಕೊಯ್ಯುತ್ತಿದ್ದರು. ಬೇವಿನ ಹೊಟ್ಟು ಗಾಳಿಗೆ ಹಾರಿ ಬಂದರೆ ಮೊದಲು ಮೂಗಿಗೆ ಗೊತ್ತಾಗುತ್ತದೆ, ಆಮೇಲೆ ನಾಲಿಗೆಗೆ. ಸುಮ್ಮನೆ ಕೂತವನ ಬಾಯಿ ಕಹಿಯಾಗುತ್ತದೆ. ನಾನು ಮೇಲಿಂದ ಮೇಲೆ ಸೀನಿದೆ. ಒಳಗಿನಿಂದ ಸೊಸೆ, 'ಬಾಗಲಾ ಹಾಕ್ಕೊಳ್ರಿ ಮಾವಾ' ಎಂದಳು. ಹಾಕಿಕೊಳ್ಳಲಿಲ್ಲ. ಈ ಕಹಿ ನನಗೆ ಹಳೆಯ ಪರಿಚಯ... ಬಳ್ಳಾರಿಯಲ್ಲಿ ನನ್ನ ಎಷ್ಟೋ ಭಾನುವಾರಗಳ ಮಧ್ಯಾಹ್ನದ ನಿದ್ದೆಯನ್ನು ಹಾಳು ಮಾಡಿದ್ದು ಇದೇ ಹೊಟ್ಟು.

ಆಗ ನಾನು ಬಳ್ಳಾರಿಯ ಒಂದು ಸಾಲೆಯಲ್ಲಿ ಮಾಸ್ತರನಾಗಿದ್ದೆ. ಊರಿಗೆ ರೈಲು ಬಂದು ಬಹಳ ವರ್ಷಗಳಾಗಿರಲಿಲ್ಲ. ದಂಡಿನಲ್ಲಿ ಗೋರಾ ಸಿಪಾಯಿಗಳು ತುಂಬಿದ್ದ ಕಾಲ. ಕೌಲ್ ಬಜಾರಿನ ಹಿಂದಿನ ಒಂದು ಓಣಿಯಲ್ಲಿ ನನಗೂ ಹೆಂಡತಿಗೂ ಬಾಡಿಗೆಯ ಮನೆ. ಒಂದೇ ಗೋಡೆ, ಈಚೆ ನಾವು; ಆಚೆ ಕಚೇರಿಯ ದಫ್ತರಿಯವರು, ಅವರ ಹೆಂಡತಿ, ಮಕ್ಕಳು, ತಂದೆ, ತಾಯಿ. ಸರಕಾರದ ಕಾಗದಗಳನ್ನು ಹೊಲಿದು, ಅಂಟು ಹಚ್ಚಿ, ರಟ್ಟು ಕಟ್ಟಿ ಕಪಾಟಿಗೆ ಸೇರಿಸುವುದು ಅವರ ಕೆಲಸ. ಸಣ್ಣ ಆಳು, ಮೆಲ್ಲಗಿನ ದನಿ. ಎದುರಿಗೆ ಸಿಕ್ಕರೆ ಸಲಾಮು ಹೇಳಿ ಗೋಡೆಯ ಬದಿಗೆ ಸರಿದು ದಾರಿ ಬಿಡುವ ಮನುಷ್ಯ.

ಭಾನುವಾರ ಮಾತ್ರ ಅವರು ಬೇರೆಯೇ ಆಗುತ್ತಿದ್ದರು. ಶುಕ್ರವಾರ ನಮಾಜಿಗೆ ಒಂದು ತಾಸಿನ ಬಿಡುವು ಸಿಗುತ್ತಿತ್ತು. ಪೂರಾ ರಜೆ ಸಿಗುತ್ತಿದ್ದುದು ಗೋರಾಗಳ ದೇವರ ದಿನವೇ. ಆ ದಿನ ಬೆಳಗಾದರೆ ಹಳೆಯ ಲುಂಗಿ ಉಟ್ಟು, ಗರಗಸ, ಉಳಿ, ಕೊಡತಿ ಹಿಡಿದು ಹಿತ್ತಲಿಗೆ ಇಳಿಯುತ್ತಿದ್ದರು. ಮನೆಗೆ ಬೇಕಾದ ಮರದ ಸಾಮಾನೆಲ್ಲ ತಮ್ಮ ಕೈಯಿಂದಲೇ ಆಗಬೇಕೆಂಬ ಹುಚ್ಚು. ಕೈಯಲ್ಲಿ ಕಸುಬಿರಲಿಲ್ಲ, ಆಸೆ ಬೆಟ್ಟದಷ್ಟಿತ್ತು. ಅವರು ಮಾಡಿದ ಮಣೆ ನೆಲದ ಮೇಲೆ ಕುಣಿಯುತ್ತಿತ್ತು. ಗೂಡಿನ ಹಲಗೆಯ ಮೇಲಿಟ್ಟ ಲೋಟ ತಾನಾಗಿ ನಡೆದು ಬಂದು ಕೆಳಗೆ ಬೀಳುತ್ತಿತ್ತು. ಒಂದು ಕುರ್ಚಿ ಮಾಡಿದ್ದರು. ನಾನು ಹೋದಾಗ ಅದರ ಮೇಲೆ ಕೂರಿಸಿ, 'ಮಗ್ಗಲಾ ಬದಲಿಸಬ್ಯಾಡ್ರಿ ಮಾಸ್ತರ್ರೇ' ಎಂದು ಕೈಮುಗಿಯುತ್ತಿದ್ದರು. ಓಣಿಯ ಬಡಿಗ ಒಮ್ಮೆ ಬಂದು ಎಲ್ಲವನ್ನೂ ಮುಟ್ಟಿ ನೋಡಿ, 'ಐದೂ ಬೆರಳು ಇನ್ನಾ ಅದಾವಲ್ಲ, ಅದ ದೊಡ್ಡದು' ಎಂದು ಹೇಳಿ ಹೋದ. ಎಲ್ಲರಿಗಿಂತ ಜೋರಾಗಿ ನಕ್ಕವರು ದಫ್ತರಿಯವರೇ.

ಅವರ ತಂದೆ ಅರಳೆ ಹಿಂಜುವವರು. ಬಿಲ್ಲು ಹೆಗಲಿಗೇರಿಸಿಕೊಂಡು ಊರೂರು ತಿರುಗಿ, ಅರಳೆ ಹಿಂಜಿ, ಗಾದಿ ತುಂಬಿ, ಹೊಲಿದು ಕೊಡುವುದರಲ್ಲೇ ಆಯುಷ್ಯ ಕಳೆದಿದ್ದರು. ದಂಡಿನ ದೊರೆಗಳ ಉದ್ದುದ್ದ ಮಂಚಗಳ ಗಾದಿಗಳನ್ನೂ ಅವರೇ ತುಂಬಿದ್ದರಂತೆ. ನಾನು ನೋಡುವಾಗ ಬಿಲ್ಲು ಮೂಲೆ ಸೇರಿತ್ತು. ಬೆನ್ನು ಬಾಗಿ, ಎದೆಯಲ್ಲಿ ಅರಳೆಯ ಧೂಳು ಕೂತು ಕೆಮ್ಮಾಗಿತ್ತು. ಪಡಸಾಲೆಯಲ್ಲಿ ಒಂದು ಮೋಟು ಹೊರಸಿನ ಮೇಲೆ ಮಲಗಿರುತ್ತಿದ್ದರು. ಒಂದು ಕಾಲದಲ್ಲಿ ಎತ್ತರದ ಆಳು. ಹಗ್ಗದ ಆ ಹೊರಸು ಅವರಿಗೆ ಯಾವ ಮೂಲೆಗೂ ಸಾಲದು. ಮೊಣಕಾಲು ಎದೆಗೆ ಹಚ್ಚಿ, ಗೋಡೆಯ ಕಡೆ ಹೊರಳಿ, ಮುದ್ದೆಯಾಗಿ ಮಲಗುತ್ತಿದ್ದರು.

ಆ ಮುದುಕರ ಬಾಯಲ್ಲಿ ಒಂದೇ ಮಾತು: ಸಾಕು. ಅರ್ಧ ರೊಟ್ಟಿ ಹಾಕಿದರೂ ಸಾಕು, ಒಂದು ಹಾಕಿದರೂ ಸಾಕು. ಹರಿದ ಧೋತ್ರ ಕಂಡು ಹೊಸದು ತಂದರೆ, ಹಳೆಯದೇ ಸಾಕು. ಚಳಿಗೆ ನಡುಗುತ್ತಿದ್ದರೂ, ಈ ದುಪ್ಪಡಿ ಸಾಕು. ಯಾವ 'ಸಾಕು' ನಿಜ, ಯಾವುದು ಸುಳ್ಳು ಎಂದು ಮನೆಯವರಿಗೇ ತಿಳಿಯುತ್ತಿರಲಿಲ್ಲ. 'ನಮ್ಮಪ್ಪನ ಮಾತು ನಂಬಾಂಗಿಲ್ರೀ' ಎಂದು ದಫ್ತರಿಯವರು ಗೊಣಗುತ್ತಿದ್ದರು.

ಆ ವರ್ಷ ಮುದುಕರ ಕೆಮ್ಮು ಹೆಚ್ಚಿತು. ಹಕೀಮರು ನಾಡಿ ನೋಡಿ, ಬಿಸಿಲುಗಾಲ ಕಾಣುವುದು ಕಷ್ಟ ಎಂದು ಮಗನ ಕಿವಿಯಲ್ಲಿ ಹೇಳಿ ಹೋದರು. ಅಂದು ಸಂಜೆ ದಫ್ತರಿಯವರು ನಮ್ಮ ಕಟ್ಟೆಗೆ ಬಂದು ಕೂತರು. ಬೆರಳಿಗೆ ಹತ್ತಿದ್ದ ಕಚೇರಿಯ ಅಂಟನ್ನು ಕೆರೆದು ತೆಗೆದರು. ಆಮೇಲೆ, 'ಊರ ಮಂದಿಗೆಲ್ಲಾ ಹಾಸಿಗಿ ಮಾಡಿಕೊಟ್ಟಾಂವ ನಮ್ಮಪ್ಪ. ಅಂವ ಕಾಲು ನೀಡಿ ಮಲಗಿದ್ದು ನಾ ಒಮ್ಮೆರ ನೋಡಿಲ್ರಿ. ಹೋಗೂದರಾಗ ಒಂದು ದಿನಾ ಆದ್ರೂ ನೀಡಿ ಮಲಗಬೇಕು. ಅವನ ಮಂಚ ನಾನ ಮಾಡ್ತೀನಿ' ಎಂದರು. ಬಡಿಗನಿಗೆ ಹೇಳಿ ಮಾಡಿಸಿದರೆ ಬೇಗ ಆಗುತ್ತದಲ್ಲ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತು ಎತ್ತಲಿಲ್ಲ.

ಬೇವಿನ ದಿಮ್ಮಿ ಕುರುಗೋಡಿನಿಂದ ಬಂಡಿಯ ಮೇಲೆ ಬಂತು. ಅವರ ಹೆಂಡತಿಯ ತವರಿನ ಹೊಲದ ಮರ. ಮುಂದಿನ ಭಾನುವಾರ ನಾನು ಊಟ ಮಾಡಿ ಮಲಗಿದ್ದೆ. ಗೋಡೆಯಾಚೆ ಗರಗಸ ಶುರುವಾಯಿತು. ತಡೆದು ತಡೆದು ನೋಡಿ, ನಾಲ್ಕು ಮಾತು ಹೇಳಿಯೇ ಬರುತ್ತೇನೆಂದು ಎದ್ದು ಹೋದೆ. ನಾನು ಒಳಗೆ ಹೋಗುವಷ್ಟರಲ್ಲಿ ಗರಗಸ ನಿಂತಿತ್ತು. ದಫ್ತರಿಯವರು ಒಂದು ದಾರ ಹಿಡಿದು, ನಿದ್ದೆಯಲ್ಲಿದ್ದ ತಂದೆಯ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದರು. ಮಂಚದ ಉದ್ದಕ್ಕೆ ಅಳತೆ ಬೇಕಿತ್ತು.

ಅಡಿಗೆಮನೆಯಿಂದ ಅವರ ತಾಯಿ ಹಾರಿ ಬಂದರು. ದಾರ ಕಸಿದುಕೊಂಡು ಒಲೆಗೆ ಎಸೆದರು.

'ಬುದ್ಧಿ ಐತೋ ಇಲ್ಲೋ ನಿನಗ? ಮಲಗಿದ ಮನಿಷ್ಯಾಗ ಅಳತಿ ಹಿಡೀತಾರೇನಲೇ? ಅದು ಗೋರಿ ತೋಡೋರ ಕೆಲಸ!'

ದಫ್ತರಿಯವರ ಮುಖ ಬಿಳಿಚಿತು. ಹಿಂದೂಗಳಾದ ನಮ್ಮಲ್ಲೂ ಅಷ್ಟೇ. ಚಟ್ಟಕ್ಕಲ್ಲದೆ ಮಲಗಿದವರ ಉದ್ದ ಅಳೆಯುವುದಿಲ್ಲ. ನಾನು ಹೇಳಬೇಕೆಂದಿದ್ದ ನಾಲ್ಕು ಮಾತು ಬಾಯಲ್ಲೇ ಉಳಿಯಿತು. ನಿಲ್ಲಿಸಿ ಅಳೆಯೋಣವೆಂದರೆ ಬೆನ್ನು ಕುಡುಗೋಲಿನಂತೆ ಬಾಗಿತ್ತು. ಕೊನೆಗೆ ತಮ್ಮ ಉದ್ದವನ್ನೇ ಹಿಡಿದು, ಅದರ ಮೇಲೆ ಅಂದಾಜಿಗೆ ಒಂದಿಷ್ಟು ಸೇರಿಸಿ ಗುರುತು ಹಾಕಿದರು. ಅವರು ತಾಯಿಯ ಕಡೆಯ ಮೈಕಟ್ಟಿನವರು, ಗಿಡ್ಡ. ದಿಮ್ಮಿಯ ಇನ್ನೊಂದು ತುದಿ ಹಿಡಿಯಿರಿ ಎಂದು ನನ್ನನ್ನೇ ಕರೆದರು. ನಿದ್ದೆಗೆ ನೀರು ಬಿಟ್ಟು ಹಿಡಿದೆ. ಅಂದಿನಿಂದ ನನ್ನ ಭಾನುವಾರಗಳೂ ಅವರ ಪಾಲಾದವು.

ಮೊದಲ ಮಂಚ ಎದ್ದು ನಿಂತಿತು. ದೊರೆಗಳ ಮಂಚ ನೋಡಿದ ನೆನಪಿಗೆ ಕಾಲ ಕಡೆಗೂ ಒಂದು ಹಲಗೆ ನಿಲ್ಲಿಸಿದ್ದರು. ನವಾರು ಬಿಗಿದು, ಗಾದಿ ಹಾಕಿ, ಮುದುಕರನ್ನು ಎತ್ತಿ ಮಲಗಿಸಿದರು. ಹೆಬ್ಬೆರಳು ಹಲಗೆಗೆ ತಗುಲಿತು. ಮುದುಕರು ಮೊಣಕಾಲು ಮಡಚಿಕೊಂಡು, 'ಬಾಳ ಚಲೋ ಆಗೈತಿ, ಸಾಕಪ್ಪಾ' ಎಂದರು. ಮಗ ಆ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದರು.

ಮಂಚ ಉದ್ದ ಮಾಡಬೇಕೆಂದರೆ ಎರಡೂ ಬದಿಯ ಉದ್ದದ ಪಟ್ಟಿಗಳನ್ನು ಬಿಚ್ಚಿ ಹೊಸದು ಕೂಡಿಸಬೇಕು. ಮತ್ತೆ ಭಾನುವಾರಗಳು ಹೋದವು. ಬಿಚ್ಚಿದ ಪಟ್ಟಿಗಳು ವ್ಯರ್ಥವಾಗಬಾರದೆಂದು ಅವಕ್ಕೆ ಕಾಲು ಹಚ್ಚಿ ಒಂದು ಬೆಂಚು ಮಾಡಿ ಹಿತ್ತಲಲ್ಲಿಟ್ಟರು. ಎರಡನೆಯ ಸಲ ಮಲಗಿಸಿದಾಗ ಹೆಬ್ಬೆರಳು ಎಲ್ಲಿಯೂ ತಗುಲಲಿಲ್ಲ. ಆದರೆ ಮುದುಕರು ನೀಡಲೂ ಇಲ್ಲ. ಮಗ 'ಕಾಲು ನೀಡಪಾ' ಎಂದಾಗ ಅರ್ಧ ನೀಡಿ, 'ಹಾಂ, ಸಾಕು ಸಾಕು' ಎಂದು ಮತ್ತೆ ಎಳೆದುಕೊಂಡರು.

'ನೋಡ್ರಿ ಮಾಸ್ತರ್ರೇ, ಇನ್ನಾ ಸಾಲವಲ್ದು' ಎಂದರು ದಫ್ತರಿಯವರು.

'ಕಾಲ ಕೆಳಗ ಅಷ್ಟು ಜಾಗ ಐತಲ್ರೀ.'

'ಮಡಚ್ಯಾನ, ಅದಕ್ಕ ಜಾಗ ಕಾಣತೈತಿ. ನೀಡಿದ್ರ ಹಲಿಗಿಗೆ ಬಡೀತೈತಿ ಅಂತ ಅವಗ ಗೊತ್ತು. ಬಾಯಿ ಬಿಟ್ಟು ಹೇಳಾಂವಲ್ಲ.'

ಅಲ್ಲ ಎಂದು ಹೇಳಲು ನನ್ನ ಹತ್ತಿರವಾದರೂ ಏನಿತ್ತು? ಅಳತೆ ಇರಲಿಲ್ಲ. ಮುದುಕರ ಬಾಯಿಂದ 'ಸಾಕು' ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಎರಡನೆಯ ಪಟ್ಟಿಗಳೂ ಬೆಂಚಾದವು. ಮೂರನೆಯ ಸಲ ಕಾಲ ಕಡೆಯ ಹಲಗೆಯನ್ನೇ ತೆಗೆದುಹಾಕಿ, ಮರ ಇದ್ದಷ್ಟು ಉದ್ದ ಬಿಟ್ಟರು. ಮಂಚದ ತುದಿ ಪಡಸಾಲೆಯ ಬಾಗಿಲಿಗೆ ಬಂದು ಮುಟ್ಟಿತು. ಒಳಗೆ ಹೋಗುವವರು ಹೊಟ್ಟೆ ಎಳೆದುಕೊಂಡು, ಅಡ್ಡಡ್ಡವಾಗಿ ತೂರಬೇಕಿತ್ತು. 'ಮಂಚ ಮಾಡ್ಯಾನೋ ರೈಲು ಮಾಡ್ಯಾನೋ' ಎಂದು ತಾಯಿ ಬೈಯುತ್ತಿದ್ದರು. ನನಗೂ ನಾಲಿಗೆ ತುರಿಸಿತು. 'ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರ. ನೀವು ಉಲ್ಟಾ ಹೊಂಟೀರಲ್ರೀ' ಎಂದೆ.

ಯಾವಾಗಲೂ ನಗುವ ಮನುಷ್ಯ ಅಂದು ನಗಲಿಲ್ಲ. 'ಆ ಮಾತು ಕಟ್ಟಿದಾಂವ ಉದ್ದ ಹಾಸಿಗಿ ಮ್ಯಾಲ ಮಲಗಿದ್ದಾನು ಬಿಡ್ರಿ' ಎಂದು ಉಳಿ ಮಸೆಯಲು ಕೂತರು.

ಮುದುಕರು ಆ ಮಂಚದ ನಡುವೆ ಸಣ್ಣ ಗಂಟಿನ ಹಾಗೆ ಮಲಗಿರುತ್ತಿದ್ದರು, ಮೊಣಕಾಲು ಎದೆಗೆ ಹಚ್ಚಿ. ಮಗ ಕಚೇರಿಯಿಂದ ಬಂದವರು ಮೊದಲು ಹೋಗಿ ಆ ಕಾಲುಗಳನ್ನೇ ನೋಡುತ್ತಿದ್ದರು. ಪಡಸಾಲೆಯ ಬಾಗಿಲನ್ನೇ ಆಚೆ ಸರಿಸಿದರೆ ಹೇಗೆ ಎಂದು ಒಂದು ದಿನ ನನ್ನನ್ನು ಕೇಳಿದರು. ಚೇಷ್ಟೆಗೆ ಕೇಳಿದ್ದಲ್ಲ. ನನಗೆ ಸಿಟ್ಟು ಬಂತು. ಮನೆ ಕೆಡವಿಕೊಳ್ಳುವ ಹುಚ್ಚು ಇದು ಎಂದು ಬೈದೆ.

ಮುಂದಿನ ಭಾನುವಾರ ಬರುವ ಮೊದಲೇ ಮುದುಕರು ಹೋದರು. ನಸುಕಿನಲ್ಲಿ, ನಿದ್ದೆಯಲ್ಲೇ. ನಾನು ಹೋದಾಗ ಓಣಿಯ ಜನ ಸೇರಿದ್ದರು. ಮೈ ತೊಳೆದು ಕಫನ್ ಬಟ್ಟೆ ಹೊದಿಸುವ ಮುಂಚೆ, ಗೋರಿ ತೋಡುವವರ ಕಡೆಯಿಂದ ಒಬ್ಬ ಹಿರಿಯರು ಬಂದರು. ಅವರ ಕೈಯಲ್ಲಿ ಒಂದು ಉದ್ದನೆಯ ಜೋಳದ ದಂಟಿತ್ತು. ಅದನ್ನು, ಕಾಲು ನೇರ ಮಾಡಿ ಮಲಗಿಸಿದ್ದ ಮುದುಕರ ಪಕ್ಕದಲ್ಲಿಟ್ಟು, ನೆತ್ತಿಯಿಂದ ಹಿಮ್ಮಡಿಯವರೆಗೆ ಹಿಡಿದು, ಉಳಿದ ತುದಿಯನ್ನು ಮುರಿದರು. ಅಂದು ದಾರ ಕಸಿದು ಒಲೆಗೆ ಹಾಕಿದ್ದ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಾರನ್ನೂ ತಡೆಯಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಜನ ಚದುರಿದರು. ನಾನು ಕಟ್ಟೆಯ ಮೇಲೆ ಕೂತಿದ್ದೆ. ದಫ್ತರಿಯವರು ಕೊನೆಗೆ ಬಂದರು. ಆ ದಂಟು ಅವರ ಕೈಯಲ್ಲೇ ಇತ್ತು. ನನ್ನನ್ನು ನೋಡಿಯೂ ನೋಡದಂತೆ ಒಳಗೆ ಹೋದರು. ನಾನೂ ಎದ್ದು ಹಿಂದೆ ಹೋದೆ.

ಖಾಲಿ ಮಂಚದ ಮೇಲೆ ದಂಟನ್ನು ಇಟ್ಟರು. ತಲೆಯ ಕಡೆಗೆ ಒಂದು ತುದಿ ಹಚ್ಚಿದರೆ, ಕಾಲ ಕಡೆ ಒಂದು ಮೊಳಕ್ಕೂ ಮಿಕ್ಕಿ ಜಾಗ ಉಳಿಯಿತು. ಕಾಲ ಕಡೆಗೆ ಸರಿಸಿ ನೋಡಿದರು. ಅಷ್ಟೇ ಜಾಗ ತಲೆಯ ಕಡೆ ಉಳಿಯಿತು. ದಂಟು ತೆಗೆದುಕೊಂಡು ಹಿತ್ತಲಿಗೆ ಹೋಗಿ, ಎರಡನೆಯ ಮಂಚದ ಪಟ್ಟಿಗಳಿಂದ ಮಾಡಿದ ಬೆಂಚಿನ ಮೇಲೆ ಇಟ್ಟರು. ಅಲ್ಲಿಯೂ ನಾಲ್ಕು ಬೆರಳು ಉಳಿಯಿತು.

'ಸಾಲತಿತ್ತಲ್ರೀ ಮಾಸ್ತರ್ರೇ... ಎರಡನೇದ ಸಾಲತಿತ್ತು. ಮತ್ಯಾಕ ನೀಡಲಿಲ್ಲ?'

ಉತ್ತರ ಬಂದದ್ದು ಒಳಗಿನಿಂದ, ಗೋಡೆಗೆ ಒರಗಿ ಕೂತಿದ್ದ ಅವರ ತಾಯಿಯಿಂದ.

'ಅವಗ ನೀಡಾಕ ಬರ್ತಿದ್ದಿಲ್ಲೋ ಮಗನಾ. ಇದ್ದದ್ದು ಒಂದ ಖೋಲಿ. ಒಂದು ಕಡಿ ಅರಳಿ, ಒಂದು ಕಡಿ ನೀವು ಮಕ್ಕಳು. ನಿದ್ದ್ಯಾಗ ಕಾಲು ನೀಡಿದ್ರ ಯಾವ ಕೂಸಿನ ತಲಿಗೆ ಬಡೀತೈತೋ ಅಂತ ಮಡಚಿಕೊಂಡು ಮಲಗಾಂವ. ನೀನಂತೂ ಅವನ ಕಾಲ ಹತ್ರನ ಮಲಗ್ತಿದ್ದಿ. ನೀವು ದೊಡ್ಡೋರಾದ್ರಿ, ಅವನ ಕಾಲು ಹಂಗ ಉಳದವು.'

ದಫ್ತರಿಯವರು ಆ ಬೆಂಚಿನ ಮೇಲೆ ಕೂರಲಿಲ್ಲ, ನೆಲದ ಮೇಲೆ ಕೂತರು. ದಂಟು ಮಡಿಲಲ್ಲಿತ್ತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸದ್ದಿಲ್ಲದೆ, ಬಹಳ ಹೊತ್ತು ಅತ್ತರು. ಆಮೇಲೆ ಲುಂಗಿಯ ಅಂಚಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ, 'ಇವತ್ತು ನೀಡಿ ಮಲಗಿಸಿ ಬಂದ್ವಿ ಬಿಡ್ರಿ' ಎಂದರು.

ನಾನೂ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಮುಂದೆ ಆ ಮಂಚದ ಮೇಲೆ ಅವರ ಮಕ್ಕಳು ಅಡ್ಡಡ್ಡಲಾಗಿ ಮಲಗತೊಡಗಿದರು, ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು. ದಫ್ತರಿಯವರು ಗರಗಸ ಬಿಡಲಿಲ್ಲ. ಒಂದು ತಿಂಗಳು ಸುಮ್ಮನಿದ್ದು ಮತ್ತೆ ಹಿತ್ತಲಿಗೆ ಇಳಿದರು. ಒಂದು ತೊಟ್ಟಿಲು, ಆಮೇಲೆ ಇನ್ನೊಂದು ಸೊಟ್ಟ ಕುರ್ಚಿ... ನನಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಹೊರಡುವ ದಿನ ಬಂಡಿಗೆ ಸಾಮಾನು ಏರಿಸಲು ಅವರೇ ಬಂದರು. ಆಮೇಲೆ ಒಂದೆರಡು ಸಲ ಬಳ್ಳಾರಿಗೆ ಹೋದಾಗ ಭೇಟಿಯಾಯಿತು, ಮತ್ತೆ ಹೋಗುವುದೇ ತಪ್ಪಿತು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ವರ್ಷ ಕಳೆದ ಮೇಲೆ, ತೆಕ್ಕಲಕೋಟೆಯ ಸಂತೆಯಲ್ಲಿ, ಅದೂ ಬೇರೆ ಯಾವುದೋ ಮಾತಿನ ನಡುವೆ. ಮಣ್ಣಿಗೂ ಹೋಗಲಾಗಲಿಲ್ಲ ಎಂಬ ಸಂಕಟ ಇಂದಿಗೂ ಇದೆ.

ನಮ್ಮ ಓಣಿಯ ಹೊಸ ಬಾಗಿಲು ನಿನ್ನೆ ನಿಂತಿತು. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಬಡಿಗ ಕೆಲಸ ಬಲ್ಲವನು. ಎಲ್ಲಿಯೂ ಕೂದಲೆಳೆಯಷ್ಟು ಸಂದಿಲ್ಲ, ತಳ್ಳಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಚೆನ್ನಾಗಿದೆ ಎಂದು ಹೇಳಿ ಮನೆಗೆ ಬಂದೆ. ಮಧ್ಯಾಹ್ನ ಊಟವಾಯಿತು. ಕೊಯ್ಯುವ ಸದ್ದು ನಿಂತಿದೆ, ಓಣಿ ತಣ್ಣಗಿದೆ, ಇವತ್ತು ಭಾನುವಾರ ಬೇರೆ. ಮಲಗಿದರೆ ಗೋಡೆಯಾಚೆಯಿಂದ ಎಬ್ಬಿಸುವವರು ಯಾರೂ ಇಲ್ಲ.